ಲಂಡನ್ ರೇಟು ಮತ್ತು ಡೈರಿಯ ಹಿಂದಿನ ಪುಟಗಳು

ನಮ್ಮ ಕೊಡಗಿನ ಕಡೆ ಎರಡು ಎಕರೆ ಕಾಫಿ ತೋಟ ಇರುವವರೂ ಬೆಳಗ್ಗೆ ಎದ್ದ ಕೂಡಲೇ ಲಂಡನ್ ರೇಟು ನೋಡುತ್ತಾರೆ. ತಮಾಷೆ ಅಲ್ಲ. ಸುಂಟಿಕೊಪ್ಪದ ಕಾಫಿ ವ್ಯಾಪಾರಿಯೊಬ್ಬರು ದಿನಾ ವಾಟ್ಸ್‌ಆ್ಯಪ್ ಗ್ರೂಪಿಗೆ ನಾಲ್ಕು ಸಾಲು ಹಾಕುತ್ತಾರೆ. ಲಂಡನ್ ಎಷ್ಟು, ನ್ಯೂಯಾರ್ಕ್ ಎಷ್ಟು, ಡಾಲರ್ ಎಷ್ಟು, ಕೊನೆಗೆ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಎಷ್ಟು. ಕಾಫಿಯ ಎರಡು ಜಾತಿಗಳಲ್ಲಿ ರೊಬಸ್ಟಾದ ಬೆಲೆ ತೀರ್ಮಾನ ಆಗುವುದು ಲಂಡನ್ನಿನಲ್ಲಿ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ, ನಮ್ಮ ಕೈಗೆ ಬರುವುದು ಕೊನೆಯ ಸಾಲು. ಮೈಸೂರು ದಾಟಿ ಆಚೆ ಹೋಗದ ನನ್ನ ಅಮ್ಮ ಒಲೆ ಮುಂದೆ ನಿಂತುಕೊಂಡೇ 'ಇವತ್ತು ಲಂಡನ್ ಇಳಿದಿದೆಯೇನೋ?' ಅಂತ ಕೇಳುತ್ತಾರೆ, ಪಕ್ಕದ ಮನೆಯವರಿಗೆ ಜ್ವರ ಇಳಿಯಿತಾ ಅಂತ ವಿಚಾರಿಸಿದ ಹಾಗೆ.

ನನ್ನದು ಆರು ಎಕರೆ. ಜಾಸ್ತಿ ರೊಬಸ್ಟಾ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಅಪ್ಪನ ಕಾಲದಿಂದಲೂ ಮನೆಯಲ್ಲಿ ತೋಟದ ಡೈರಿ ಬರೆಯುವ ಅಭ್ಯಾಸ ಇದೆ. ಮಳೆ ಎಷ್ಟು ಇಂಚು ಎಷ್ಟು ಸೆಂಟ್, ಆಳು ಎಷ್ಟು ಬಂದರು, ಗೊಬ್ಬರ ಎಷ್ಟು ಚೀಲ ಹೋಯಿತು, ಇಷ್ಟೇ. ಎರಡು ಮೂರು ವರ್ಷದಿಂದ ಅದೇ ಡೈರಿಯ ಹಿಂದಿನ ಪುಟಗಳಲ್ಲಿ ಇನ್ನೊಂದು ಲೆಕ್ಕ ಸೇರಿಕೊಂಡಿದೆ. ಪ್ರಪಂಚದ ಸುದ್ದಿ ಓದುವಾಗ ಕಣ್ಣಿಗೆ ಬಿದ್ದ ಅಂಕಿಗಳು. ಕಾಫಿ ಬೆಲೆ ಯಾಕೆ ಹೀಗೆ ಏರ್ತಾ ಇದೆ ಅಂತ ಹುಡುಕೋಕೆ ಹೋಗಿ ಶುರುವಾಗಿದ್ದು, ಈಗ ಸುಮ್ನೆ ಚಟವಾಗಿದೆ. ಈ ಸಲ ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಅಕ್ಕನ ಮನೆಗೆ ಹೋದಾಗ ಭಾವ ಆ ಪುಟಗಳನ್ನು ನೋಡಿ 'ಇದೇನು ಮಾರಾಯ, ಪ್ರಪಂಚದ ಲೆಕ್ಕ ಎಲ್ಲ ನೀನೇ ಇಟ್ಟುಕೊಂಡಿದ್ದೀಯಾ?' ಅಂತ ನಕ್ಕರು. ಓದು ನೋಡೋಣ ಅಂದರು. ಓದಿದೆ. ಅಲ್ಲಿ ಮಾತಾಡಿದ್ದನ್ನೂ ಆಮೇಲೆ ಯೋಚನೆ ಮಾಡಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮದೇ ಅಂಕಿ. 2020-21ರಲ್ಲಿ ಭಾರತದ ಕಾಫಿ ರಫ್ತು ಸುಮಾರು 72 ಕೋಟಿ ಡಾಲರ್. 2023-24ರಲ್ಲಿ 129 ಕೋಟಿ. 2024-25ರಲ್ಲಿ 180 ಕೋಟಿ ಡಾಲರ್. ನಾಲ್ಕು ವರ್ಷದಲ್ಲಿ ಎರಡೂವರೆ ಪಟ್ಟು! ಪೇಪರಿನಲ್ಲಿ ಇದನ್ನು ದೊಡ್ಡ ಸಾಧನೆ ಅಂತ ಬರೆದರು. ಆದರೆ ನಮ್ಮ ತೋಟಗಳೇನು ಎರಡೂವರೆ ಪಟ್ಟು ಆದವಾ? ಗಿಡ ಅಷ್ಟೇ, ಕಣ ಅಷ್ಟೇ. ದೇಶದ ಒಟ್ಟು ಬೆಳೆ ಮೂರೂವರೆ ಲಕ್ಷ ಟನ್ನಿನ ಆಚೀಚೆಯೇ ನಿಂತಿದೆ, ಅದರಲ್ಲಿ ಮೂರನೇ ಒಂದು ಪಾಲಿನಷ್ಟು ನಮ್ಮ ಒಂದು ಜಿಲ್ಲೆಯದ್ದು. ಏರಿದ್ದು ಬೆಲೆ. 2024ರಲ್ಲಿ 50 ಕೆಜಿ ರೊಬಸ್ಟಾ ಚೆರಿ ಚೀಲ 10 ಸಾವಿರ ರೂಪಾಯಿ ದಾಟಿದಾಗ ಪಕ್ಕದ ತೋಟದ ಹಿರಿಯರೊಬ್ಬರು ವ್ಯಾಪಾರಿಗೆ ಫೋನ್ ಮಾಡಿ 'ಸೊನ್ನೆ ಒಂದು ಜಾಸ್ತಿ ಬಿತ್ತಾ?' ಅಂತ ಕೇಳಿದ್ದರಂತೆ.

ಯಾಕೆ ಏರಿತು ಅಂತ ನೋಡಿದರೆ ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಬಹಳ ಕಡಿಮೆ. ರೊಬಸ್ಟಾದಲ್ಲಿ ಪ್ರಪಂಚಕ್ಕೇ ದೊಡ್ಡಣ್ಣ ವಿಯೆಟ್ನಾಂ. ಅಲ್ಲಿ 2024ರಲ್ಲಿ ಜೋರು ಬರ ಬಂತು. ಅದಕ್ಕೂ ಮೊದಲೇ ಅಲ್ಲಿನ ಎಷ್ಟೋ ರೈತರು ಕಾಫಿ ಗಿಡ ಕಿತ್ತು ಡ್ಯೂರಿಯನ್ ಹಾಕಿದ್ದರು. ಡ್ಯೂರಿಯನ್ ಅಂದರೆ ನಮ್ಮ ಹಲಸಿನ ಥರ ಮುಳ್ಳುಮುಳ್ಳಾದ, ವಾಸನೆ ಹೊಡೆಯುವ ಹಣ್ಣು. ಚೀನಾದವರಿಗೆ ಅದರ ಹುಚ್ಚು ಹಿಡಿದಿದೆ. 2022ರಲ್ಲಿ ಚೀನಾ ವಿಯೆಟ್ನಾಂ ಹಣ್ಣಿಗೆ ಬಾಗಿಲು ತೆರೆಯಿತು, 2024ರಲ್ಲಿ ಎಲ್ಲ ದೇಶಗಳಿಂದ ಸೇರಿ 15 ಲಕ್ಷ ಟನ್ನಿಗೂ ಜಾಸ್ತಿ ಡ್ಯೂರಿಯನ್ ತರಿಸಿಕೊಂಡಿತು. ಅಂದರೆ ಶಾಂಘೈನಲ್ಲಿ ಯಾರೋ ಊಟ ಆದ ಮೇಲೆ ಹಣ್ಣು ತಿಂದಿದ್ದಕ್ಕೆ ಸುಂಟಿಕೊಪ್ಪದಲ್ಲಿ ನನ್ನ ಸೊಸೈಟಿ ಸಾಲ ತೀರಿತು. ಈ ಮಾತನ್ನು ಅಕ್ಕನ ಮನೆಯಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಹಲಸಿನ ಹಣ್ಣಿನ ಕಥೆ ಅಂತಲೇ ಇವತ್ತಿಗೂ ಛೇಡಿಸುತ್ತಾರೆ.

ಇದರ ಉಲ್ಟಾ ಕೂಡ ನಾವು ನೋಡಿದ್ದೇವೆ. 2001-02ರಲ್ಲಿ ಅದೇ ವಿಯೆಟ್ನಾಂ ಕಾಫಿ ಮಾರುಕಟ್ಟೆಗೆ ನುಗ್ಗಿದಾಗ ಲಂಡನ್ ರೇಟು ಟನ್ನಿಗೆ 500 ಡಾಲರಿಗಿಂತ ಕೆಳಗೆ ಬಿದ್ದಿತ್ತು. ಆಗ ಅಪ್ಪ ಆಳು ಕೂಲಿಗೆ ದುಡ್ಡಿಲ್ಲದೆ ಎರಡು ಸಿಲ್ವರ್ ಮರ ಮಾರಿದ್ದು ಡೈರಿಯಲ್ಲಿದೆ. ಅಲ್ಲಿಯ ರೈತನಿಗೆ ಅದು ಹೊಸ ತೋಟದ ಮೊದಲ ಸುಗ್ಗಿ ಆಗಿದ್ದಿರಬಹುದು. 2025ರ ಶುರುವಿಗೆ ಅದೇ ಲಂಡನ್ 5,500 ಡಾಲರ್ ದಾಟಿತು, ಆಗ ಅವನ ಬಾವಿ ಬತ್ತಿತ್ತು. ಬೆಲೆಯ ಪಕ್ಕದಲ್ಲಿ ಮೇಲಕ್ಕೋ ಕೆಳಕ್ಕೋ ಒಂದು ಬಾಣ ಹಾಕಿರುತ್ತಾರಲ್ಲ, ಹಸಿರು ಬಾಣ, ಕೆಂಪು ಬಾಣ. ಅದು ಯಾರ ಮನೆಯ ಹಸಿರು ಅಂತ ಅದರಲ್ಲಿ ಬರೆದಿರುವುದಿಲ್ಲ. ಡೈರಿಯ ಹಿಂದಿನ ಪುಟಗಳಲ್ಲಿ ನಾನು ಆಮೇಲೆ ಬರೆದ ಅಂಕಿಗಳಿಗೂ ಇದೇ ತಕರಾರು ಮುಂದುವರಿಯಿತು.

ಕಾಫಿ ಬೆಲೆಗೆ ಇನ್ನೊಂದು ಕಾರಣ ಕೆಂಪು ಸಮುದ್ರ. ಗಾಜಾ ಯುದ್ಧ ಶುರುವಾದ ಮೇಲೆ, 2023ರ ನವೆಂಬರಿನಿಂದ, ಯೆಮನ್‌ನ ಹೌತಿ ಬಂಡುಕೋರರು ಅಲ್ಲಿ ಹಡಗುಗಳ ಮೇಲೆ ದಾಳಿ ಮಾಡೋಕೆ ಶುರು ಮಾಡಿದರು. ಪ್ರಪಂಚದ ವ್ಯಾಪಾರದಲ್ಲಿ ನೂರಕ್ಕೆ 12 ಪಾಲು ಹಾದುಹೋಗುತ್ತಿದ್ದ ಸೂಯೆಜ್ ಕಾಲುವೆ ಬಿಟ್ಟು ಹಡಗುಗಳು ಆಫ್ರಿಕಾ ಸುತ್ತು ಹಾಕಿ ಹೋಗತೊಡಗಿದವು. ಹತ್ತರಿಂದ ಹದಿನಾಲ್ಕು ದಿನ ಜಾಸ್ತಿ. 2023ರಲ್ಲಿ ಈಜಿಪ್ಟಿಗೆ ಕಾಲುವೆಯಿಂದ 1,025 ಕೋಟಿ ಡಾಲರ್ ಬಂದಿತ್ತು. 2024ರಲ್ಲಿ ಬಂದದ್ದು 399 ಕೋಟಿ. ಒಂದೇ ವರ್ಷದಲ್ಲಿ ಅರವತ್ತು ಪರ್ಸೆಂಟ್ ಆದಾಯ ಹೋಯಿತು, ಅದೂ ಆ ಜಗಳದಲ್ಲಿ ಸೇರಿಯೇ ಇಲ್ಲದ ದೇಶಕ್ಕೆ.

ನಮ್ಮ ಕಾಫಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಯುರೋಪಿಗೆ, ಅದರಲ್ಲೂ ಇಟಲಿಗೆ. ಮಂಗಳೂರಿನಿಂದಲೋ ಕೊಚ್ಚಿಯಿಂದಲೋ ಹೊರಟ ಕಂಟೇನರ್ ಈಗ ಕೇಪ್ ಆಫ್ ಗುಡ್ ಹೋಪ್ ಬಳಸಿ ಹೋಗಬೇಕು. ಇದನ್ನು ಬರೆಯುವಾಗ ನನಗೆ ಒಂಥರಾ ನಗು ಬಂತು. ಮಡಿಕೇರಿ ಕಡೆ ಬ್ರಿಟಿಷರು ಕಾಫಿ ಎಸ್ಟೇಟು ಶುರು ಮಾಡಿದ್ದು 1854ರಲ್ಲಿ. ಸೂಯೆಜ್ ಕಾಲುವೆ ತೆರೆದಿದ್ದು 1869ರಲ್ಲಿ. ಅಂದರೆ ಕೊಡಗಿನ ಮೊದಲ ಹದಿನೈದು ವರ್ಷದ ಕಾಫಿ ಹಾಯಿ ಹಡಗಿನಲ್ಲಿ ಆಫ್ರಿಕಾ ಸುತ್ತಿಯೇ ಹೋಗಿದ್ದು, ತಿಂಗಳುಗಟ್ಟಲೆ. ಆ ದಾರಿಯಲ್ಲಿ ಸಮುದ್ರದ ತೇವ ಕುಡಿದು ಬೀಜ ಊದಿ ಹಳದಿ ಬಣ್ಣಕ್ಕೆ ತಿರುಗುತ್ತಿತ್ತಂತೆ, ಹುಳಿ ಕಳೆದು ಬೇರೆಯದೇ ರುಚಿ ಬರುತ್ತಿತ್ತಂತೆ. ಯುರೋಪಿನವರಿಗೆ ಅದೇ ರುಚಿ ಹಿಡಿಸಿತು. ಆಮೇಲೆ ಕಾಲುವೆ ಬಂತು, ಉಗಿ ಹಡಗು ಬಂತು, ಕಾಫಿ ಬೇಗ ತಲುಪಿತು, ಅವರು 'ಹಳೇ ರುಚಿ ಇಲ್ಲವಲ್ಲ' ಅಂದರು. ಅದಕ್ಕೇ ಕರಾವಳಿಯಲ್ಲಿ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮಳೆಗಾಲದ ಗಾಳಿಗೆ ಕಾಫಿ ಹರಡಿ, ಬೇಕಂತಲೇ ಊದಿಸುವ ಪದ್ಧತಿ ಹುಟ್ಟಿತು. ಇವತ್ತು ಮಾನ್ಸೂನ್ಡ್ ಮಲಬಾರ್ ಅಂತ ಮಾರುವುದು ಅದನ್ನೇ. ನೂರೈವತ್ತು ವರ್ಷ ಆದ ಮೇಲೆ ಕಾಫಿ ಮತ್ತೆ ಮುತ್ತಜ್ಜನ ದಾರಿ ಹಿಡಿದಿದೆ. ಈಗ ಮುಚ್ಚಿದ ಕಂಟೇನರ್ ಅನ್ನಿ, ಹಳದಿ ಆಗೋದಿಲ್ಲ, ಬಾಡಿಗೆ ಮಾತ್ರ ಊದಿಕೊಂಡಿತು.

ಅಮೆರಿಕದ ಸುಂಕದ ಕಥೆ ಎಲ್ಲರಿಗೂ ಗೊತ್ತಿದೆ, ಉದ್ದ ಎಳೆಯೋದಿಲ್ಲ. 2025ರ ಆಗಸ್ಟಿನಲ್ಲಿ ಬ್ರೆಜಿಲ್ ಮಾಲಿಗೆ 50 ಪರ್ಸೆಂಟ್, ಅದರಲ್ಲಿ ಕಾಫಿಯೂ ಸೇರಿತ್ತು. ಪ್ರಪಂಚದ ಕಾಫಿಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬೆಳೆಯುವ ದೇಶ ಅದು, ಅತಿ ಹೆಚ್ಚು ಕಾಫಿ ಕುಡಿಯುವ ದೇಶ ಅದಕ್ಕೆ ಬಾಗಿಲು ಹಾಕಿತು. ಮೂರೇ ತಿಂಗಳಿಗೆ, ಅಲ್ಲಿನ ಅಂಗಡಿಗಳಲ್ಲಿ ಕಾಫಿ ಪುಡಿ ದುಬಾರಿ ಆದ ಮೇಲೆ, ನವೆಂಬರಿನಲ್ಲಿ ಕಾಫಿಯ ಮಟ್ಟಿಗೆ ಸುಂಕ ತೆಗೆದರು. ಆ ಮೂರು ತಿಂಗಳು ನಮ್ಮ ಗ್ರೂಪಿನಲ್ಲಿ ನಮ್ಮ ಎಮ್ಮೆಲ್ಲೆ ಹೆಸರಿಗಿಂತ ಟ್ರಂಪ್ ಹೆಸರು ಜಾಸ್ತಿ ಓಡಾಡಿತು.

ಯುರೋಪಿನ ಕಾಡು ಕಾನೂನು ಇನ್ನೊಂದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ತೋಟ ಎಲ್ಲಿದೆ ಅಂತ ಉಪಗ್ರಹದ ಲೆಕ್ಕದಲ್ಲಿ ತೋರಿಸಬೇಕು. ನಾಲ್ಕು ಹೆಕ್ಟೇರ್‌ಗಿಂತ ಕಮ್ಮಿ ಇದ್ದರೆ ಒಂದು ಚುಕ್ಕೆ ಸಾಕು, ಜಾಸ್ತಿ ಇದ್ದರೆ ಬೇಲಿ ಪೂರ್ತಿ ಗುರುತು ಮಾಡಬೇಕು. ನನ್ನದು ಒಂದು ಚುಕ್ಕೆ. ಕಾನೂನು ತಪ್ಪು ಅಂತ ಹೇಳೋದಿಲ್ಲ, ನಮ್ಮದು ನೆರಳಿನ ಕಾಫಿ, ಹೆದರೋದು ಯಾಕೆ. ತಲೆನೋವು ಬೇರೆ. ಜಮ್ಮಾ ಜಾಗದ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಆರ್‌ಟಿಸಿಯಲ್ಲಿ ಇನ್ನೂ ತೀರಿಕೊಂಡ ಪಟ್ಟೆದಾರರ ಹೆಸರೇ ಕೂತಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಉಪಗ್ರಹಕ್ಕೆ ತೋಟ ಕಾಣುತ್ತೆ, ಯಜಮಾನ ಯಾರು ಅಂತ ತಾಲೂಕು ಆಫೀಸಿಗೇ ಗೊತ್ತಾಗೋದಿಲ್ಲ. ಎರಡು ಸಲ ಮುಂದೂಡಿ ದೊಡ್ಡ ಕಂಪನಿಗಳಿಗೆ ಈಗ 2026ರ ಡಿಸೆಂಬರ್ ಅಂತ ಇಟ್ಟಿದ್ದಾರೆ.

ಇನ್ನು ಭಾವ ಹಿಡಿದು ನಿಲ್ಲಿಸಿದ ಅಂಕಿ. ಭಾವ ಸೇನೆಯಲ್ಲಿದ್ದು ಹವಾಲ್ದಾರ್ ಆಗಿ ರಿಟೈರ್ ಆದವರು. ಸ್ವೀಡನ್‌ನಲ್ಲಿ ಸಿಪ್ರಿ ಅಂತ ಒಂದು ಸಂಸ್ಥೆ ಇದೆ, ಪ್ರತಿ ವರ್ಷ ಯಾವ ದೇಶ ಸೇನೆಗೆ ಎಷ್ಟು ಖರ್ಚು ಮಾಡಿತು ಅಂತ ಲೆಕ್ಕ ಹಾಕುತ್ತೆ. 2024ರಲ್ಲಿ ಇಡೀ ಪ್ರಪಂಚದ ಸೇನಾ ಖರ್ಚು 2.72 ಲಕ್ಷ ಕೋಟಿ ಡಾಲರ್. ಒಂದೇ ವರ್ಷಕ್ಕೆ 9.4 ಪರ್ಸೆಂಟ್ ಏರಿಕೆ, ಶೀತಲ ಸಮರ ಮುಗಿದ ಮೇಲೆ ಇಷ್ಟು ಕಡಿದಾದ ಏರಿಕೆ ಇದೇ ಮೊದಲು. ಅಮೆರಿಕ, ಚೀನಾ, ರಷ್ಯಾ, ಜರ್ಮನಿ, ಭಾರತ, ಈ ಐದೇ ದೇಶದ್ದು ನೂರಕ್ಕೆ 60. ನಮ್ಮದು 8,610 ಕೋಟಿ ಡಾಲರ್, ಐದನೇ ಸ್ಥಾನ. ಉಕ್ರೇನ್ ತನ್ನ ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ 34 ರೂಪಾಯಿ ಸೇನೆಗೇ ಹಾಕಿತು. ಪ್ರಪಂಚದ ಪ್ರತಿಯೊಬ್ಬರ ತಲೆಗೆ, ತೊಟ್ಟಿಲಲ್ಲಿರುವ ಮಗುವನ್ನೂ ಸೇರಿಸಿ, 334 ಡಾಲರ್. ನಮ್ಮ ದುಡ್ಡಿನಲ್ಲಿ ಹೆಚ್ಚೂಕಮ್ಮಿ 28 ಸಾವಿರ. ನಾಲ್ಕು ಜನ ಇರುವ ಮನೆ ಅಂದರೆ ವರ್ಷಕ್ಕೆ ಲಕ್ಷದ ಮೇಲೆ.

ಲಕ್ಷ ಕೋಟಿ ಅಂದರೆ ತಲೆಗೆ ಹೋಗೋದಿಲ್ಲ ಅಲ್ವಾ. ಅದಕ್ಕೆ ನಾನು ಅದನ್ನು ಗಂಟೆಯ ಲೆಕ್ಕಕ್ಕೆ ಇಳಿಸಿದೆ. ದಿನಕ್ಕೆ 745 ಕೋಟಿ ಡಾಲರ್, ಗಂಟೆಗೆ 31 ಕೋಟಿ. ಈಗ ಭಾರತದ ಇಡೀ ವರ್ಷದ ಕಾಫಿ ರಫ್ತು ತೆಗೆದುಕೊಳ್ಳಿ, ಆ ದಾಖಲೆ ವರ್ಷದ 180 ಕೋಟಿ. ಕೊಡಗು, ಚಿಕ್ಕಮಗಳೂರು, ಹಾಸನ, ವಯನಾಡು, ಎಲ್ಲ ಸೇರಿ, ಕಪಾತು ಮಾಡಿ, ಗೊಬ್ಬರ ಹಾಕಿ, ಹೂಮಳೆಗೆ ಆಕಾಶ ನೋಡಿ, ಕುಯ್ದು, ಒಣಗಿಸಿ ಕಳಿಸಿದ್ದು. ಪ್ರಪಂಚದ ಸೇನೆಗಳ ಖರ್ಚಿಗೆ ಅದು ಆರು ಗಂಟೆಗೆ ಸಾಕಾಗೋದಿಲ್ಲ. ಬೆಳಗ್ಗೆ ಏಳಕ್ಕೆ ಕಾಫಿ ಕುಡಿದು ಶುರು ಮಾಡಿದರೆ ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿದಿರುತ್ತೆ.

ಭಾವ ಇದಕ್ಕೆ ಒಪ್ಪಲಿಲ್ಲ. 'ಸೇನೆ ಖರ್ಚು ಅಂದರೆ ಬರೀ ಬಾಂಬು ಅಂದುಕೊಂಡಿದ್ದೀಯಾ? ನನ್ನ ಸಂಬಳ, ನಿನ್ನ ಅಕ್ಕನಿಗೆ ಸಿಗುವ ಕ್ಯಾಂಟೀನು, ನನ್ನ ಪೆನ್ಷನ್ ಎಲ್ಲ ಅದರಲ್ಲೇ ಬರೋದು' ಅಂದರು. ಸರಿಯಾದ ಮಾತೇ. ಕೊಡಗಿನಲ್ಲಿ ಕೂತು ಸೇನೆ ಖರ್ಚು ದಂಡ ಅಂತ ಹೇಳಿದರೆ ಯಾರ ಮನೆಯಲ್ಲೂ ಎರಡನೇ ಸಲ ಕಾಫಿ ಸಿಗೋದಿಲ್ಲ. ಆದರೆ ಏರಿದ್ದು ಯಾರ ಪೆನ್ಷನ್ನೂ ಅಲ್ಲ. ಸ್ವೀಡನ್ನಿನದ್ದೇ ಇನ್ನೊಂದು ಲೆಕ್ಕ, ಉಪ್ಸಾಲಾ ವಿಶ್ವವಿದ್ಯಾಲಯದ್ದು, ಹೇಳುವ ಪ್ರಕಾರ 2024ರಲ್ಲಿ ಒಂದಾದರೂ ಸರ್ಕಾರ ಭಾಗಿಯಾಗಿದ್ದ ಸಶಸ್ತ್ರ ಸಂಘರ್ಷಗಳು 61, ಅದೂ 36 ದೇಶಗಳಲ್ಲಿ. 1946ರಿಂದ ಲೆಕ್ಕ ಇದೆ, ಅಷ್ಟೂ ವರ್ಷದಲ್ಲಿ ಇದೇ ಜಾಸ್ತಿ. ನಮಗೆ ಟಿವಿಯಲ್ಲಿ ಕಾಣೋದು ಮೂರೋ ನಾಲ್ಕೋ. ಮಿಕ್ಕವು ಎಲ್ಲಿ ನಡೀತಿವೆ ಅಂತ ನನ್ನನ್ನೇ ಕೇಳಿದರೂ ಹತ್ತು ಹೆಸರು ಹೇಳುವಷ್ಟರಲ್ಲಿ ಸುಸ್ತಾಗುತ್ತೇನೆ.

ಯುದ್ಧ ಜಾಸ್ತಿ ಆದರೆ ಮನೆ ಬಿಟ್ಟವರೂ ಜಾಸ್ತಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಲೆಕ್ಕ, 2024ರ ಕೊನೆಗೆ 12.32 ಕೋಟಿ ಜನ ಬಲವಂತವಾಗಿ ಮನೆ ಬಿಟ್ಟಿದ್ದರು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಎರಡು ಕರ್ನಾಟಕ! ಪ್ರಪಂಚದಲ್ಲಿ 67 ಜನಕ್ಕೆ ಒಬ್ಬರು. ಸಂಜೆ ಮಡಿಕೇರಿಯಿಂದ ಕುಶಾಲನಗರಕ್ಕೆ ಬರುವ ಸರ್ಕಾರಿ ಬಸ್ಸು ತುಂಬಿ ಫುಟ್‌ಬೋರ್ಡ್ ತನಕ ಜನ ನಿಂತರೆ ಹೆಚ್ಚೂಕಮ್ಮಿ ಅಷ್ಟಾಗುತ್ತೆ. ಸುಡಾನ್ ಒಂದರಲ್ಲೇ 1.43 ಕೋಟಿ, ಆ ದೇಶದ ಮೂವರಲ್ಲಿ ಒಬ್ಬರು ಅಂದ ಹಾಗೆ. 2023ರ ಏಪ್ರಿಲ್‌ನಲ್ಲಿ ಇಬ್ಬರು ಜನರಲ್‌ಗಳ ಜಗಳದಿಂದ ಶುರುವಾಗಿದ್ದು. ನಮ್ಮ ಕನ್ನಡ ಚಾನೆಲ್ಲುಗಳಲ್ಲಿ ಸುಡಾನ್ ಸುದ್ದಿ ಬಂದಿದ್ದು ನನಗೆ ನೆನಪಿರುವುದು ಒಂದೇ ಸಲ, ಅಲ್ಲಿ ಸಿಕ್ಕಿಹಾಕಿಕೊಂಡ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನರನ್ನು ಕರೆತರುವಾಗ.

ಇಲ್ಲೂ ಬಾಣದ ತಕರಾರು ಇದೆ ನೋಡಿ. 2025ರ ಮಧ್ಯಕ್ಕೆ ಆ ಸಂಖ್ಯೆ 11.73 ಕೋಟಿಗೆ ಇಳಿಯಿತು. ಇಳಿಯಿತು ಅಂದ ಕೂಡಲೇ ಅಮ್ಮ 'ಪಾಪ, ಒಳ್ಳೆಯದಾಯ್ತು' ಅಂದರು. ಸ್ವಲ್ಪ ಒಳ್ಳೆಯದೇ. 2024ರ ಡಿಸೆಂಬರಿನಲ್ಲಿ ಸಿರಿಯಾದ ಅಧ್ಯಕ್ಷ ಅಸ್ಸಾದ್ ಓಡಿಹೋದ ಮೇಲೆ ಲಕ್ಷಾಂತರ ಜನ ಅಲ್ಲಿಗೆ ವಾಪಸ್ ಹೋದರು. ಆದರೆ ಇರಾನ್ ಮತ್ತು ಪಾಕಿಸ್ತಾನದಿಂದ ಆಫ್ಘನ್ನರನ್ನು ಲಾರಿ ತುಂಬಿಸಿ ಹೊರಗೆ ಹಾಕಿದ್ದೂ ಅದೇ ಲೆಕ್ಕದಲ್ಲಿ 'ಇಳಿಕೆ'. ತಾನಾಗಿ ಮನೆಗೆ ಹೋದವನೂ ಒಂದು, ಕುತ್ತಿಗೆ ಹಿಡಿದು ನೂಕಿಸಿಕೊಂಡವನೂ ಒಂದು.

ಮನೆ ಬಿಟ್ಟವರು ಎಲ್ಲಿಗೆ ಹೋಗುತ್ತಾರೆ? ಟಿವಿ ನೋಡಿದರೆ ಎಲ್ಲರೂ ಯುರೋಪಿಗೆ ದೋಣಿ ಹತ್ತುತ್ತಾರೆ ಅನಿಸುತ್ತೆ. ಹಾಗಲ್ಲ. ನೂರರಲ್ಲಿ 60 ಜನ ಸ್ವಂತ ದೇಶದ ಒಳಗೇ ಇನ್ನೊಂದು ಕಡೆ ಇದ್ದಾರೆ. ಗಡಿ ದಾಟಿದವರಲ್ಲೂ ನೂರಕ್ಕೆ 67 ಜನ ಪಕ್ಕದ ದೇಶದಲ್ಲೇ ನಿಂತಿದ್ದಾರೆ, ಅವರನ್ನು ಸಾಕುತ್ತಿರುವುದು ಹೆಚ್ಚಾಗಿ ಬಡ ಮತ್ತು ಮಧ್ಯಮ ಆದಾಯದ ದೇಶಗಳು. ನಮಗೆ ಇದು ಹೊಸ ವಿಷಯ ಆಗಬಾರದು. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಬೈಲುಕುಪ್ಪೆ. 1961ರ ಸುಮಾರಿಗೆ ಆಗಿನ ಮೈಸೂರು ಸರ್ಕಾರ ಕೊಟ್ಟ ಸುಮಾರು 3 ಸಾವಿರ ಎಕರೆಯಲ್ಲಿ ಟಿಬೆಟನ್ನರು ಕಾಡು ಸವರಿ ಊರು ಕಟ್ಟಿದರು. ಪ್ರವಾಸಿಗಳಿಗೆ ಅದು ಗೋಲ್ಡನ್ ಟೆಂಪಲ್, ಸೆಲ್ಫಿ, ಮೋಮೊ. ನಮಗೆ ಜೋಳ ಬೆಳೆಯುವ ಪಕ್ಕದವರು. ಚಳಿಗಾಲಕ್ಕೆ ನಾನು ಸ್ವೆಟರ್ ಕೊಳ್ಳುವ ಅಂಗಡಿಯ ಅಜ್ಜಿ ನನಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಆ ಅಜ್ಜಿ ಅರವತ್ತು ವರ್ಷದಿಂದ ನಿರಾಶ್ರಿತರ ಲೆಕ್ಕದಲ್ಲಿದ್ದಾರೆ. ಮೊಮ್ಮಗ ಹುಟ್ಟಿದ್ದು ಇಲ್ಲಿ, ಅವನೂ ಆ ಲೆಕ್ಕದಲ್ಲೇ.

2018ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡ ಜಾರಿದಾಗ ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿದ್ದರು. ನಾನು ಒಂದು ಕೇಂದ್ರದಲ್ಲಿ ಐದು ದಿನ ಊಟ ಬಡಿಸಿದ್ದೆ. ಒಬ್ಬರು ಹಿರಿಯರು, ಹತ್ತು ಎಕರೆ ತೋಟದ ಯಜಮಾನರು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರು. ನನ್ನ ಸರದಿ ಬಂದಾಗ ಮುಖ ಆಚೆ ತಿರುಗಿಸಿಕೊಂಡು ತಟ್ಟೆ ಮಾತ್ರ ಮುಂದೆ ಚಾಚಿದರು. ವಿಕೋಪಗಳಿಂದ ದೇಶದೊಳಗೇ ಮನೆ ಬಿಟ್ಟವರ ಲೆಕ್ಕ ಬೇರೆ ಇಡುತ್ತಾರೆ. 2024ರಲ್ಲಿ ಅದು 4.58 ಕೋಟಿ ಸಲ ಆಯಿತು, ಲೆಕ್ಕ ಶುರುವಾದ ಮೇಲೆ ಅತಿ ಜಾಸ್ತಿ. 'ಸಲ' ಅಂತ ಯಾಕೆ ಅಂದರೆ ಒಬ್ಬರೇ ಎರಡು ಸಲ ಬಿಟ್ಟರೆ ಎರಡು ಅಂತ ಎಣಿಸುತ್ತಾರೆ. ಅದರಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಜಾಸ್ತಿ ಅಮೆರಿಕದಲ್ಲೇ ಆಗಿದ್ದು, ಚಂಡಮಾರುತಕ್ಕೆ ಊರು ಖಾಲಿ ಮಾಡಿಸಿದ್ದು. ಎರಡು ದಿನ ಹೋಟೆಲಿನಲ್ಲಿದ್ದು ಮನೆಗೆ ಬಂದವನೂ, ತಟ್ಟೆ ಹಿಡಿದ ನಮ್ಮ ಯಜಮಾನರಂಥವರೂ ಒಂದೇ ಕಾಲಂ.

ತೋಟದ ಆಳುಗಳಿರುವ ಲೈನ್ ಮನೆಗಳಲ್ಲಿ ಈಗ ಅಸ್ಸಾಂ ಕಡೆಯವರೇ ಜಾಸ್ತಿ, ಅವರಿಲ್ಲದೆ ಕುಯ್ಲು ಆಗೋದಿಲ್ಲ. ನಮ್ಮ ಹುಡುಗರು ಬೆಂಗಳೂರು, ದುಬೈ, ಕೆನಡಾ. ಪ್ರಪಂಚದಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿರುವವರು 2024ರಲ್ಲಿ 30.4 ಕೋಟಿ. ಆ ವರ್ಷ ಹೊರಗಿದ್ದವರು ಭಾರತಕ್ಕೆ ಕಳಿಸಿದ ದುಡ್ಡು ಸುಮಾರು 12,900 ಕೋಟಿ ಡಾಲರ್, ಬೇರೆ ಯಾವ ದೇಶಕ್ಕೂ ಅಷ್ಟು ಬರೋದಿಲ್ಲ. ಕಾಫಿ ರಫ್ತಿನ ಎಪ್ಪತ್ತು ಪಟ್ಟು! ಶ್ರೀಮಂತ ದೇಶಗಳೆಲ್ಲ ಸೇರಿ ಬಡ ದೇಶಗಳಿಗೆ ಕೊಟ್ಟ ನೆರವು ಅದೇ ವರ್ಷ 21,200 ಕೋಟಿ ಡಾಲರ್, ಹಿಂದಿನ ವರ್ಷಕ್ಕಿಂತ ನೂರಕ್ಕೆ ಏಳು ಕಡಿಮೆ. 2025ರಲ್ಲಿ ಅಮೆರಿಕ ತನ್ನ ನೆರವಿನ ಸಂಸ್ಥೆಯನ್ನೇ ಮುಚ್ಚಿತು, ಹಾಗಾಗಿ ಇನ್ನೂ ಇಳಿಯುತ್ತೆ.

ಭಾವನ ಮುಖ ಗಂಭೀರ ಆಗಿದ್ದು ಆಮೇಲಿನ ಅಂಕಿಗೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗಳ ಒಂದು ವರ್ಷದ ಬಜೆಟ್, 2024-25ರದ್ದು, ಸುಮಾರು 560 ಕೋಟಿ ಡಾಲರ್. ನನ್ನ ಗಂಟೆ ಲೆಕ್ಕದಲ್ಲಿ ಹದಿನೆಂಟು ಗಂಟೆ. ಪ್ರಪಂಚ ಸೇನೆಗೆ ಸಾವಿರ ರೂಪಾಯಿ ಹಾಕಿದರೆ ಶಾಂತಿ ಕಾಯುವವರಿಗೆ ಎರಡು ರೂಪಾಯಿ. ಆ ಎರಡು ರೂಪಾಯಿಯನ್ನೂ ದೊಡ್ಡ ದೇಶಗಳು ಸಮಯಕ್ಕೆ ಕಟ್ಟೋದಿಲ್ಲ. ಹತ್ತು ವರ್ಷದ ಹಿಂದೆ ಲಕ್ಷ ಜನಕ್ಕೂ ಮೇಲಿದ್ದ ನೀಲಿ ಟೋಪಿಯವರು 2025ರ ಹೊತ್ತಿಗೆ ಅರವತ್ತು ಸಾವಿರದ ಹತ್ತಿರಕ್ಕೆ ಇಳಿದಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ, ದುಡ್ಡಿಲ್ಲ ಅಂತ ಅದರಲ್ಲೂ ಕಾಲು ಭಾಗ ಕಡಿಮೆ ಮಾಡುತ್ತೇವೆ ಅಂದರು. ಒಂದು ಕಡೆ 61 ಸಂಘರ್ಷ, ಇನ್ನೊಂದು ಕಡೆ ಇದು.

ಕೊಡಗಿಗೆ ಈ ವಿಷಯ ದೂರದ್ದಲ್ಲ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ. ಕೊರಿಯಾ ಯುದ್ಧ ನಿಂತ ಮೇಲೆ 1953ರಲ್ಲಿ, ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂದ ಸಾವಿರಾರು ಯುದ್ಧ ಕೈದಿಗಳನ್ನು ಏನು ಮಾಡೋದು ಅಂತ ತೀರ್ಮಾನಿಸುವ ತಟಸ್ಥ ದೇಶಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೂ ವಿಶ್ವಸಂಸ್ಥೆ ಕರೆಯಿತು, ಸೈಪ್ರಸ್‌ನಲ್ಲಿ ಗ್ರೀಕರಿಗೂ ತುರ್ಕರಿಗೂ ಮಧ್ಯೆ ನಿಂತ ಪಡೆಯ ಕಮಾಂಡರ್ ಆದರು. 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. 2025ರ ಡಿಸೆಂಬರಿಗೆ ಅರವತ್ತು ವರ್ಷ. ಮಗಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದಾಗ ಅವಳು ಕೇಳಿದಳು, 'ಆಮೇಲೆ ಆ ಜಗಳ ಮುಗೀತಾ ಅಪ್ಪ?' ಇಲ್ಲ. 1964ರಲ್ಲಿ ಹೋದ ಆ ಪಡೆ ಇವತ್ತಿಗೂ ಅಲ್ಲೇ ಇದೆ. ಮುಗಿಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಕೋ, 1974ರ ಯುದ್ಧ ಆದ ಮೇಲೆ ಇಷ್ಟು ವರ್ಷ ಮತ್ತೆ ಹತ್ತಿ ಉರಿಯದೆ ಇದೆಯಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಕೋ, ಮಗಳಿಗೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ಐಸ್‌ಕ್ರೀಂ ಕೊಡಿಸಿದೆ.

ಇಲ್ಲಿವರೆಗೆ ಭಾರತದಿಂದ 2.9 ಲಕ್ಷಕ್ಕೂ ಹೆಚ್ಚು ಜನ ನೀಲಿ ಟೋಪಿ ಹಾಕಿ ಹೋಗಿ ಬಂದಿದ್ದಾರೆ. ಸುಮಾರು 180 ಜನ ಬರಲಿಲ್ಲ. ಆ 2.9 ಲಕ್ಷದಲ್ಲಿ ಭಾವ ಒಬ್ಬರು. 2007ರಲ್ಲಿ ದಕ್ಷಿಣ ಲೆಬನಾನ್‌ನಲ್ಲಿ, ಮರ್ಜಯೂನ್ ಕಡೆ, ಒಂದು ವರ್ಷ ಇದ್ದರು. ಆ ಪಡೆ ಅಲ್ಲಿಗೆ ಹೋಗಿದ್ದು 1978ರಲ್ಲಿ. 2025ರ ಆಗಸ್ಟಿನಲ್ಲಿ ಭದ್ರತಾ ಮಂಡಳಿ ಅದನ್ನು 2026ರ ಡಿಸೆಂಬರ್ 31ಕ್ಕೆ ಮುಗಿಸುವ ತೀರ್ಮಾನ ಮಾಡಿತು. ನಾನು ಡೈರಿಯಲ್ಲಿ ಒಂದು ಸಾಲು ಬರೆದಿದ್ದೆ, ತಾರೀಖು ಮಾತ್ರ. ಭಾವನಿಗೆ ಗೊತ್ತಿರುತ್ತೆ ಅಂದುಕೊಂಡಿದ್ದೆ. ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಾನು ಕೇಳದ ಕಥೆ ಹೇಳಿದರು. ಅವರ ಪೋಸ್ಟಿನ ಕೆಳಗೆ ರಸ್ತೆ ತಿರುಗುವ ಜಾಗದಲ್ಲಿ ಒಬ್ಬ ಮುದುಕನ ಅಂಗಡಿ ಇತ್ತಂತೆ. ಬೀಡಿ ಸಿಗರೇಟು, ಬ್ರೆಡ್ಡು, ಜೊತೆಗೆ ಸಣ್ಣ ಕಪ್ಪಿನಲ್ಲಿ ಏಲಕ್ಕಿ ಹಾಕಿದ ಕಪ್ಪು ಕಾಫಿ. ಗಸ್ತು ಮುಗಿಸಿ ಬರುವಾಗ ಕರೆದು ಕೊಡುತ್ತಿದ್ದನಂತೆ, ದುಡ್ಡು ತಗೊಳ್ತಿರಲಿಲ್ಲವಂತೆ. ಅಕ್ಕ ಕಳಿಸಿದ್ದ ಕಾಫಿ ಪುಡಿಯಲ್ಲಿ ಅರ್ಧ ಭಾವ ಅವನಿಗೆ ಕೊಟ್ಟರು. ಮಾರನೆಯ ದಿನ ಅವನು ಮುಖ ಕಿವುಚಿ, ಚಿಕೋರಿ ಹಾಕಿದ್ದಕ್ಕೆ ಏನೋ ಬೈದನಂತೆ, ಭಾಷೆ ಗೊತ್ತಾಗದಿದ್ದರೂ ಬೈಗುಳ ಅಂತ ಗೊತ್ತಾಯಿತಂತೆ. 2024ರ ಕೊನೆಯಲ್ಲಿ ಅಲ್ಲಿ ಮತ್ತೆ ಯುದ್ಧ ಆದಾಗ ಆ ಸಣ್ಣ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು ಅಂತ ನಾನು ಹೇಳೋಕೆ ಹೊರಟೆ. ಭಾವ ಅದನ್ನು ಕೇಳಿಸಿಕೊಳ್ಳಲಿಲ್ಲ.

'ಆ ಅಂಗಡಿ ಇದೆಯಾ ಇಲ್ವಾ, ಅದರಲ್ಲಿ ನೋಡೋಕಾಗುತ್ತಾ?' ಅಂತ ನನ್ನ ಫೋನ್ ತೋರಿಸಿದರು.

ಮ್ಯಾಪ್ ತೆಗೆದು ಹುಡುಕಿದೆವು. ಹುತ್ತರಿ ಊಟಕ್ಕೆ ಅಕ್ಕ ಎರಡು ಸಲ ಕರೆದರು. ಭಾವ ಕನ್ನಡಕ ಹಾಕಿಕೊಂಡು ಬೆರಳಿನಲ್ಲಿ ದಾರಿ ಹೇಳುತ್ತಾ ಹೋದರು, ಇಲ್ಲಿ ಚರ್ಚು, ಇಲ್ಲಿ ಆಲಿವ್ ತೋಟ, ಇಲ್ಲಿಂದ ಇಳಿಜಾರು. ತಿರುವು ಸಿಕ್ಕಿತು. ತಿರುವಿನ ಪಕ್ಕ ಏನೋ ಬೂದು ಬಣ್ಣದ್ದು ಇತ್ತು, ಚಾವಣಿಯೂ ಇರಬಹುದು, ಬರೀ ಕಲ್ಲಿನ ರಾಶಿಯೂ ಇರಬಹುದು. ಯಾವ ವರ್ಷ ತೆಗೆದ ಚಿತ್ರವೋ. 'ಇನ್ನೊಂಚೂರು ದೊಡ್ಡದು ಮಾಡು' ಅಂದರು. ಮಾಡಿದೆ, ಅದಕ್ಕಿಂತ ದೊಡ್ಡದಾಗಲಿಲ್ಲ.